ಚೆಲ್ಲಿದ ಮುತ್ತು ಆಯುವವರು

ಟಿ.ವಿ. ಧಾರಾವಾಹಿ ಮುಗಿದರೂ ಅದರ ಪಾತ್ರಗಳು ನೋಡಿದವರ ಮನಸ್ಸಿನಲ್ಲಿ ಮುಗಿದುಹೋಗುವುದಿಲ್ಲ. ನಾಯಕ ಆ ಹೊತ್ತಿನಲ್ಲಿ ಯಾಕೆ ಸುಮ್ಮನಿದ್ದ? ಅವಳು ತಿರುಗಿ ನೋಡಿದ್ದು ಸಿಟ್ಟಿನಿಂದಲೋ ಪ್ರೀತಿಯಿಂದಲೋ? ಉತ್ತರ ಸಿಗದ ಇಂತಹ ಪ್ರಶ್ನೆಗಳನ್ನು ಹಿಡಿದು ಸ್ವತಃ ಕಥೆ ಬರೆಯುವವರಿದ್ದಾರೆ. ಅಂಥ ಬರಹಕ್ಕೆ ಇಂಗ್ಲಿಷಿನವರು ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ನಾವು ಅಭಿಮಾನಿ ಕಥೆ ಎನ್ನಬಹುದು. ಸ್ಟಾರ್ ಪ್ಲಸ್ ವಾಹಿನಿಯಲ್ಲಿ 2013-14ರಲ್ಲಿ ಬಂದ ಮಹಾಭಾರತ ಧಾರಾವಾಹಿ ಇಂತಹ ಬರಹಗಾರರ ಒಂದು ದೊಡ್ಡ ಗುಂಪನ್ನೇ ಹುಟ್ಟಿಸಿತು. 2020ರ ಲಾಕ್‌ಡೌನ್ ಕಾಲದಲ್ಲಿ ಅದು ಕನ್ನಡ ಮಾತುಗಳೊಂದಿಗೆ ಸ್ಟಾರ್ ಸುವರ್ಣದಲ್ಲಿ ಬಂದು ನಮ್ಮ ಮನೆಗಳನ್ನೂ ಹೊಕ್ಕಿತು. ಅಭಿಮಾನಿಗಳು ಹೆಚ್ಚು ಕೈಯಾಡಿಸಿದ್ದು ಕರ್ಣನ ಪಾತ್ರದ ಮೇಲೆ. ದ್ರೌಪದಿಗೂ ಕರ್ಣನಿಗೂ ಹೇಳಿಕೊಳ್ಳಲಾಗದ ಅನುರಾಗವಿತ್ತೇ ಎಂಬುದು ಅವರ ಮೆಚ್ಚಿನ ಪ್ರಶ್ನೆ.

ಇದನ್ನು ಕೇಳಿ ಕೆಲವರು ನಗುತ್ತಾರೆ, ಕೆಲವರು ಸಿಟ್ಟಾಗುತ್ತಾರೆ. ಹುಡುಗರ ಹುಚ್ಚಾಟ ಎಂಬುದು ಒಂದು ಮಾತು, ಪುರಾಣಕ್ಕೆ ಅಪಚಾರ ಎಂಬುದು ಇನ್ನೊಂದು. ಎರಡೂ ಅವಸರದ ತೀರ್ಪುಗಳು. ಏಕೆಂದರೆ ಈ ಕೆಲಸ ಕನ್ನಡದಲ್ಲಿ ಸಾವಿರ ವರ್ಷಗಳಿಂದ ನಡೆಯುತ್ತಲೇ ಬಂದಿದೆ. ನಮ್ಮ ಆದಿಕವಿಯೇ ಅದನ್ನು ಮಾಡಿದ್ದಾನೆ.

ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಾಗಿಲ್ಲ. ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವೆ ಮಾಚೇನಹಳ್ಳಿ ಇದೆ. ಶಿವಮೊಗ್ಗ ಹಾಲು ಒಕ್ಕೂಟದ ಡೇರಿ, ಕೈಗಾರಿಕಾ ಪ್ರದೇಶ ಇವುಗಳಿಂದಲೇ ಆ ಹೆಸರು ಹೊರಗಿನವರಿಗೆ ಪರಿಚಯ. ಅಲ್ಲಿಂದ ಒಂದು ದಿಕ್ಕಿಗೆ ಶಿವಮೊಗ್ಗ ದಾಟಿದರೆ ತುಂಗಾ ತೀರದಲ್ಲಿ ಮತ್ತೂರು ಮತ್ತು ಹೊಸಹಳ್ಳಿ ಸಿಗುತ್ತವೆ. ಮತ್ತೂರು ಸಂಸ್ಕೃತಕ್ಕೆ ಹೆಸರಾದರೆ ಹೊಸಹಳ್ಳಿ ಗಮಕಕ್ಕೆ ಹೆಸರಾಗಿದೆ. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿಯವರು ಈ ಊರಿನವರು. ಇನ್ನೊಂದು ದಿಕ್ಕಿಗೆ ಭದ್ರಾವತಿ. ಅಲ್ಲಿ 1965ರಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಮನೆಗೆ ಟಿ.ವಿ. ಬರುವ ಮೊದಲು ಕರ್ಣ, ಭೀಷ್ಮ, ದ್ರೌಪದಿಯರು ನಮ್ಮ ಜನರನ್ನು ತಲುಪಿದ್ದು ಗಮಕ, ಯಕ್ಷಗಾನ, ಹರಿಕಥೆ, ನಾಟಕ ಮತ್ತು ರೇಡಿಯೋಗಳ ಮೂಲಕ.

ಗಮಕದಲ್ಲಿ ಇಬ್ಬರು ಕೂರುತ್ತಾರೆ. ಒಬ್ಬರು ಕಾವ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಪದಗಳ ಅರ್ಥ ಹೇಳಿದರೆ ವ್ಯಾಖ್ಯಾನ ಮುಗಿಯಿತು ಎಂದಲ್ಲ. ಕುಮಾರವ್ಯಾಸನ ಉದ್ಯೋಗ ಪರ್ವದಲ್ಲಿ ಕೃಷ್ಣನು ಕರ್ಣನನ್ನು ರಥದಲ್ಲಿ ತನ್ನ ಪಕ್ಕಕ್ಕೆ ಕೂರಿಸಿಕೊಂಡು ಅವನ ಜನ್ಮರಹಸ್ಯ ಹೇಳುವ ಸನ್ನಿವೇಶವಿದೆ. ಆ ಆತ್ಮೀಯತೆ ನಿಜವಾದ ಪ್ರೀತಿಯೇ? ಅಥವಾ ಯುದ್ಧಕ್ಕೆ ಮೊದಲೇ ಎದುರಾಳಿಯ ಎದೆ ಒಡೆಯುವ ತಂತ್ರವೇ? ಕವಿ ಎರಡಕ್ಕೂ ಎಡೆ ಇಟ್ಟಿದ್ದಾನೆ. ಇಬ್ಬರು ವ್ಯಾಖ್ಯಾನಕಾರರು ಎರಡು ದಾರಿ ಹಿಡಿಯಬಹುದು, ಸಭೆ ಎರಡನ್ನೂ ಕೇಳುತ್ತದೆ. ಯಾರೂ ಅದನ್ನು ಕಾವ್ಯಕ್ಕೆ ಮಾಡಿದ ದ್ರೋಹ ಎಂದುಕೊಳ್ಳುವುದಿಲ್ಲ.

ಕರ್ಣನೇ ಯಾಕೆ ಇಷ್ಟು ಚರ್ಚೆಗೆ ಒಳಗಾಗುತ್ತಾನೆ? ವ್ಯಾಸ ಭಾರತದ ಕರ್ಣ ಬೇಡಿದವರಿಗೆ ಕವಚ ಕುಂಡಲಗಳನ್ನೇ ಕಿತ್ತುಕೊಟ್ಟ ದಾನಿ. ಅದೇ ಕರ್ಣ ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಹೀನಾಯವಾಗಿ ನಿಂದಿಸುತ್ತಾನೆ. ಮುಂದೆ ಕೃಷ್ಣನೆದುರು, ಪಾಂಡವರಿಗೆ ಆಡಿದ ಕಟು ಮಾತುಗಳಿಗಾಗಿ ತನಗೆ ಪಶ್ಚಾತ್ತಾಪವಿದೆ ಎನ್ನುತ್ತಾನೆ. ದಾನಿಯೂ ನಿಂದಕನೂ ಪಶ್ಚಾತ್ತಾಪಪಡುವವನೂ ಒಬ್ಬನೇ ಆಗಿರುವಾಗ ಇವುಗಳ ನಡುವೆ ಬಿರುಕು ಉಳಿಯುತ್ತದೆ. ಓದುಗನ ಕಲ್ಪನೆ ಹೊಕ್ಕುವುದು ಆ ಬಿರುಕಿನಲ್ಲೇ. ಮಹಾರಾಷ್ಟ್ರದ ಜನಪದರು ನೇರಳೆ ಹಣ್ಣಿನ ಕಥೆ ಕಟ್ಟಿ ದ್ರೌಪದಿಯ ಬಾಯಿಂದಲೇ ಕರ್ಣನ ಮೇಲಿನ ಒಲವನ್ನು ಹೇಳಿಸಿದರು. ಚಿತ್ರಾ ಬ್ಯಾನರ್ಜಿ ದಿವಾಕರುಣಿ 2008ರ ತಮ್ಮ ಇಂಗ್ಲಿಷ್ ಕಾದಂಬರಿಯಲ್ಲಿ ಅದೇ ಒಲವನ್ನು ಕಥೆಯುದ್ದಕ್ಕೂ ಹರಿಸಿದರು. ಇಂದು ಮೊಬೈಲಿನಲ್ಲಿ ಬರೆಯುವ ಹುಡುಗಿ ಈ ಸಾಲಿನಲ್ಲಿ ಕೊನೆಯವಳು.

ಈ ಸಾಲಿನ ಬಹಳ ಹಿಂದಿನ ತುದಿಯಲ್ಲಿ ನಮ್ಮ ಪಂಪ ಇದ್ದಾನೆ. ಸುಮಾರು 941ರಲ್ಲಿ ವಿಕ್ರಮಾರ್ಜುನ ವಿಜಯ ರಚಿಸಿದ ಈ ಜೈನ ಕವಿ ವೈದಿಕ ಪರಂಪರೆಯ ಮಹಾಕಾವ್ಯವನ್ನು ಎತ್ತಿಕೊಂಡು ಪಾತ್ರಗಳ ಸಂಬಂಧಗಳನ್ನೇ ಬದಲಿಸಿದ. ಅವನಲ್ಲಿ ದ್ರೌಪದಿ ಐವರ ಹೆಂಡತಿಯಲ್ಲ, ಅರ್ಜುನನೊಬ್ಬನ ಹೆಂಡತಿ. ಕೊನೆಯಲ್ಲಿ ಪಟ್ಟದ ರಾಣಿಯಾಗುವವಳು ಸುಭದ್ರೆ. ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಬರೆದದ್ದು ಇದಕ್ಕೆ ಒಂದು ಕಾರಣ. ಆದರೆ ಅರಿಕೇಸರಿಗಾಗಿ ಅರ್ಜುನನನ್ನು ಹೊಗಳಲು ಕೂತ ಕವಿ ತನ್ನ ಹೃದಯವನ್ನು ಒಪ್ಪಿಸಿದ್ದು ಕರ್ಣನಿಗೆ.

ಆ ಕರ್ಣ ಕೃಷ್ಣನ ಆಮಿಷವನ್ನು ತಿರಸ್ಕರಿಸುವಾಗ ಒಂದು ನೆನಪು ಹೇಳುತ್ತಾನೆ. ದುರ್ಯೋಧನನ ಹೆಂಡತಿ ಭಾನುಮತಿ ಪಗಡೆಯಾಡಿ ಸೋತಳು. ಸೋತದ್ದನ್ನು ಕೊಡು ಎಂಬ ಒತ್ತಾಯದ ನಡುವೆ ಮುತ್ತಿನ ಹಾರ ಹರಿದು ಚೆಲ್ಲಿತು. ಆಗ ರಾಜ ಸ್ವಲ್ಪವೂ ಬೇಸರವಿಲ್ಲದೆ, ಈ ಮುತ್ತುಗಳನ್ನು ನಾನು ಆಯ್ದುಕೊಡಲೇ ಎಂದು ಕೇಳಿದ. ಅಂತಹ ಒಡೆಯನನ್ನು ಬಿಟ್ಟು ನಿಮ್ಮ ಕಡೆ ಬಂದರೆ ನಾನು ಹೀನನಾಗುವುದಿಲ್ಲವೇ ಎಂಬುದು ಕರ್ಣನ ಪ್ರಶ್ನೆ. ಈ ಪ್ರಸಂಗ ವ್ಯಾಸ ಭಾರತದಲ್ಲಿ ಇಲ್ಲ.

ಕನ್ನಡ ವಿದ್ವಾಂಸರು ಈ ಒಂದು ಪದ್ಯದ ಬಗ್ಗೆ ದಶಕಗಳ ಕಾಲ ವಾದ ಮಾಡಿದ್ದಾರೆ. ಕಾರಣ, ಭಾನುಮತಿ ಆಡಿದ್ದು ಯಾರೊಡನೆ ಎಂಬುದನ್ನು ಪದ್ಯ ಬಿಡಿಸಿ ಹೇಳುವುದಿಲ್ಲ. ಅವಳು ಆಡಿದ್ದು ಕರ್ಣನೊಡನೆ, ಹಾರ ಹರಿದದ್ದು ಕರ್ಣನ ಕೈಯಿಂದ ಎಂಬುದು ಒಂದು ಓದು. ಆಟ ನಡೆದದ್ದು ಗಂಡ ಹೆಂಡಿರ ನಡುವೆ, ಕರ್ಣ ಆ ಸಲುಗೆಯ ಗಳಿಗೆಯಲ್ಲೂ ಹತ್ತಿರವಿದ್ದ ಆಪ್ತ ಎಂಬುದು ಇನ್ನೊಂದು. ಮೊದಲನೆಯದನ್ನು ಒಪ್ಪಿದರೆ ಮತ್ತೊಂದು ಪ್ರಶ್ನೆ ಏಳುತ್ತದೆ: ಗೆಳೆಯನ ಹೆಂಡತಿಯ ಕೊರಳ ಹಾರಕ್ಕೆ ಕೈ ಹಾಕುವುದು ಸರಿಯೇ? ಈ ಸಂಕೋಚದಿಂದ ಪಾರಾಗಲು ಎರಡನೆಯ ಓದನ್ನು ಹಿಡಿದವರೂ ಇರಬಹುದು. ಆದರೆ ಎರಡು ಓದುಗಳೂ ಒಂದು ಕಡೆ ಕೂಡುತ್ತವೆ. ಹಾರ ಯಾರಿಂದಲೇ ಹರಿದಿರಲಿ, ದುರ್ಯೋಧನ ಸಂಶಯಪಡಲಿಲ್ಲ. ಕರ್ಣನ ನಿಷ್ಠೆಯ ಬೇರು ಇರುವುದು ಆ ವಿಶ್ವಾಸದಲ್ಲಿ.

ಪಂಪನಿಗಿಂತ ನಾಲ್ಕು ಶತಮಾನಕ್ಕೂ ಹೆಚ್ಚು ಈಚಿನ ತಮಿಳಿನ ವಿಲ್ಲಿಭಾರತದಲ್ಲಿ ಇದೇ ಪ್ರಸಂಗ ಇನ್ನಷ್ಟು ಸ್ಪಷ್ಟವಾಗಿ ಬರುತ್ತದೆ. 1964ರ ತಮಿಳು ಚಿತ್ರ ಕರ್ಣನ್ ಅದನ್ನು ತೆರೆಗೆ ತಂದಿತು. ಅದನ್ನು ನಿರ್ದೇಶಿಸಿದ ಬಿ.ಆರ್. ಪಂತುಲು ಕನ್ನಡಿಗರು, ಸ್ಕೂಲ್ ಮಾಸ್ಟರ್, ಕಿತ್ತೂರು ಚೆನ್ನಮ್ಮ ಚಿತ್ರಗಳನ್ನು ಕೊಟ್ಟವರು. ಹೀಗೆ ಮೂಲದಲ್ಲಿ ಇಲ್ಲದ ಒಂದು ಗಳಿಗೆ ಭಾಷೆಯಿಂದ ಭಾಷೆಗೆ, ಓಲೆಗರಿಯಿಂದ ಪರದೆಗೆ ನಡೆದುಬಂದು ಕರ್ಣ ಎಂದೊಡನೆ ನೆನಪಾಗುವ ಗಳಿಗೆಯೇ ಆಯಿತು.

ಹರಿದ ಹಾರದ ಈ ಕಥೆ ಓದುವಾಗ ನಮ್ಮ ಓದುಗರಿಗೆ ಹರಿದ ಅಂಗಿಯ ಇನ್ನೊಂದು ಕಥೆ ನೆನಪಾಗದೆ ಇರದು. ಕುರ್‌ಆನಿನ 12ನೇ ಅಧ್ಯಾಯದಲ್ಲಿ ಪ್ರವಾದಿ ಯೂಸುಫರ ಮೇಲೆ ಆರೋಪ ಬಂದಾಗ ತೀರ್ಮಾನಕ್ಕೆ ಆಧಾರವಾದದ್ದು ಅಂಗಿ ಹಿಂದಿನಿಂದ ಹರಿದಿತ್ತು ಎಂಬ ಒಂದು ವಿವರ. ಅಲ್ಲಿ ಅಝೀಝನ ಹೆಂಡತಿಗೆ ಹೆಸರಿಲ್ಲ. ಝುಲೈಖಾ ಎಂಬ ಹೆಸರು ಪ್ರಸಿದ್ಧವಾದದ್ದು ಆಮೇಲಿನ ಪರಂಪರೆಯಿಂದ. 15ನೇ ಶತಮಾನದ ಪಾರ್ಸಿ ಕವಿ ಜಾಮಿ ಅವಳನ್ನು ಕೇಂದ್ರಕ್ಕೆ ತಂದು, ತಪ್ಪು ಮಾಡಿದವಳನ್ನೇ ಪ್ರೇಮದ ದಾರಿಯಲ್ಲಿ ಬೆಂದು ಶುದ್ಧಳಾದ ಸಾಧಕಿಯನ್ನಾಗಿ ಮಾಡಿದರು. ಧರ್ಮಗ್ರಂಥದ ಮಾತು ಬೇರೆ, ಕವಿಯ ಕಲ್ಪನೆ ಬೇರೆ ಎಂಬ ಎಚ್ಚರ ನಮಗಿದೆ. ಆ ಎಚ್ಚರವನ್ನು ಉಳಿಸಿಕೊಂಡೇ ಮುಸ್ಲಿಂ ಜಗತ್ತು ಜಾಮಿಯ ಕಾವ್ಯವನ್ನು ಶತಮಾನಗಳ ಕಾಲ ಆದರದಿಂದ ಓದಿದೆ.

ಹಾಗಾದರೆ ಯಾರು ಏನು ಬೇಕಾದರೂ ಬದಲಿಸಬಹುದೇ? ಈ ಪ್ರಶ್ನೆಯೂ ಕನ್ನಡಕ್ಕೆ ಹೊಸದಲ್ಲ. ಶಿವಮೊಗ್ಗ ಜಿಲ್ಲೆಯವರೇ ಆದ ಕುವೆಂಪು 1944ರಲ್ಲಿ ಶೂದ್ರ ತಪಸ್ವಿ ನಾಟಕ ಪ್ರಕಟಿಸಿದರು. ಉತ್ತರಕಾಂಡದಲ್ಲಿ ರಾಮನು ತಪಸ್ಸು ಮಾಡುತ್ತಿದ್ದ ಶಂಬೂಕನನ್ನು ಕೊಲ್ಲುತ್ತಾನೆ. ಕುವೆಂಪು ಅವರಲ್ಲಿ ರಾಮನ ಬಾಣ ಶಂಬೂಕನಿಗೆ ನಮಿಸಿ, ಕೊಲ್ಲಲು ಒತ್ತಾಯಿಸಿದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಹಳೆಯ ಕಥೆಯನ್ನು ಹೀಗೆ ತಿರುಗಿಸುವುದು ಸರಿಯಲ್ಲ, ಹೊಸ ವಿಚಾರ ಹೇಳಬೇಕಿದ್ದರೆ ಹೊಸ ಕಥೆಯನ್ನೇ ಕಟ್ಟಬೇಕು ಎಂದು ಮಾಸ್ತಿ ವೆಂಕಟೇಶ ಅಯ್ಯಂಗಾರ್ ಆಕ್ಷೇಪಿಸಿದರು. ಕುವೆಂಪು ತಮ್ಮ ನಿಲುವನ್ನು ಸಮರ್ಥಿಸಿಕೊಂಡರು. ಮುಂದೆ ಅವರು ಶ್ರೀ ರಾಮಾಯಣ ದರ್ಶನಂ ಕಾವ್ಯದಲ್ಲಿ ಮಂಥರೆಗೂ ಕರುಣೆ ತೋರಿದರು, ಸೀತೆಯೊಡನೆ ರಾಮನನ್ನೂ ಅಗ್ನಿಗೆ ಇಳಿಸಿದರು. ಇಬ್ಬರು ಹಿರಿಯರ ಈ ವಾಗ್ವಾದ ಬರಹದಲ್ಲಿ ನಡೆಯಿತು. ಯಾರೂ ಪುಸ್ತಕ ಸುಡಲಿಲ್ಲ.

ಕಥೆ ಬದಲಿಸುವ ಹಕ್ಕಿನ ಪ್ರಶ್ನೆ ಹುಟ್ಟಿನ ಪ್ರಶ್ನೆಯಾಗಿ ತಿರುಗಿದ ಉದಾಹರಣೆಯೂ ಇದೆ. 1988ರ ಅಕ್ಟೋಬರ್ 2ರಿಂದ 1990ರ ಜೂನ್ ವರೆಗೆ ಭಾನುವಾರ ಬೆಳಗ್ಗೆ ದೂರದರ್ಶನದಲ್ಲಿ ಬಂದ ಬಿ.ಆರ್. ಚೋಪ್ರಾ ಅವರ ಮಹಾಭಾರತಕ್ಕೆ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ. ಉತ್ತರ ಪ್ರದೇಶದ ಗಾಜಿಪುರ ಜಿಲ್ಲೆಯ ಗಂಗೌಲಿಯಿಂದ ಬಂದವರು, ಆಧಾ ಗಾಂವ್ ಕಾದಂಬರಿಯ ಲೇಖಕರು. ಉರ್ದುವಿನ ಮಹಾ ಅದ್ಭುತಕಥೆ ತಿಲಿಸ್ಮೆ ಹೋಶ್‌ರುಬಾ ಕುರಿತು ಸಂಶೋಧನೆ ಮಾಡಿದ್ದ ಅವರಿಗೆ ದೀರ್ಘ ಕಥೆಯ ಹೆಣಿಗೆ ಚೆನ್ನಾಗಿ ಗೊತ್ತಿತ್ತು. ಮುಸ್ಲಿಮನಿಂದ ಮಹಾಭಾರತ ಬರೆಸುವುದೇಕೆ ಎಂದು ಆಕ್ಷೇಪಿಸುವ ಪತ್ರಗಳು ಚೋಪ್ರಾ ಅವರಿಗೆ ಬಂದುವೆಂದೂ, ಮೊದಲು ಹಿಂಜರಿದಿದ್ದ ರಾಹಿ ಆ ಪತ್ರಗಳನ್ನು ನೋಡಿದ ಮೇಲೆ, ತಾನೂ ಗಂಗೆಯ ಮಗನೇ ಎಂದು ಹೇಳಿ ಒಪ್ಪಿಕೊಂಡರೆಂದೂ ಹೇಳುತ್ತಾರೆ. ಆ ಧಾರಾವಾಹಿಯಲ್ಲಿ ಗಂಗೆಯ ಮಗ ಭೀಷ್ಮ ಆಡಿದ ಮಾತುಗಳು ರಾಹಿಯ ಲೇಖನಿಯಿಂದ ಬಂದವು. ದೇಶವೆಲ್ಲ ಅವನ್ನು ತನ್ನವೆಂದೇ ಕೇಳಿತು. 2020ರಲ್ಲಿ ಮರುಪ್ರಸಾರವಾದಾಗಲೂ ಕೇಳಿತು.

ಕರಾವಳಿಯ ತಾಳಮದ್ದಳೆ ಇದನ್ನು ಇನ್ನೂ ಸಹಜವಾಗಿ ನಡೆಸಿಕೊಂಡು ಬಂದಿದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪದ್ಯ ಕವಿಯದು, ಮಾತು ಅರ್ಥಧಾರಿಯದು. ವಾಲಿಯನ್ನು ಮರೆಯಿಂದ ಕೊಂದದ್ದು ನ್ಯಾಯವೇ ಎಂದು ರಾಮನನ್ನೇ ಗಂಟೆಗಟ್ಟಲೆ ಪ್ರಶ್ನಿಸಬಹುದು. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ರಾವಣ, ವಾಲಿಯರಿಗೆ ಹೇಗೋ ಹಾಗೆಯೇ ಬಪ್ಪನಾಡು ದೇವಸ್ಥಾನದ ಐತಿಹ್ಯದ ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯ ಪಾತ್ರಕ್ಕೂ ಘನತೆ ತಂದರು. ಇತ್ತ ಸಂಪಾಜೆಯ ಜಬ್ಬಾರ್ ಸಮೋ ಅವರು ಪುರಾಣ ಪಾತ್ರಗಳಿಗೆ ಅರ್ಥ ಹೇಳುತ್ತಾ ಸಹೃದಯರ ಮನ್ನಣೆ ಪಡೆದಿದ್ದಾರೆ. ಬ್ಯಾರಿಯ ಮನಸ್ಸನ್ನು ಭಟ್ಟರು, ಪುರಾಣದ ಮನಸ್ಸನ್ನು ಸಮೋ ಅವರು ಹೊಕ್ಕು ನೋಡಿದ್ದು ಒಂದೇ ಕಲೆಯ ಒಳಗೆ.

ಈ ಪರಂಪರೆಯಲ್ಲಿ ಸ್ವಾತಂತ್ರ್ಯವೂ ಇದೆ, ಕಟ್ಟುಪಾಡೂ ಇದೆ. ಅರ್ಥಧಾರಿ ಪದ್ಯವನ್ನು ಮೀರುವಂತಿಲ್ಲ. ವ್ಯಾಖ್ಯಾನಕಾರ ಓದಿದ ಸಾಲಿಗೆ ಉತ್ತರ ಕೊಡಬೇಕು. ಪಂಪನೂ ಕುವೆಂಪುವೂ ಕಥೆಯನ್ನು ಬದಲಿಸಿದ್ದು ಮೂಲವನ್ನು ಪೂರ್ತಿ ಅರಗಿಸಿಕೊಂಡ ಮೇಲೆ. ಇಂದಿನ ಅಭಿಮಾನಿ ಬರಹಗಾರರಿಗೂ ನಾವು ಕೇಳಬೇಕಾದ್ದು ಇಷ್ಟೇ: ಪಾತ್ರ ಬಿಟ್ಟ ಮೌನವನ್ನು ಅದರ ಉಳಿದ ನಡೆನುಡಿಯ ಬೆಳಕಿನಲ್ಲಿ ಓದಿದಿರಾ? ದ್ರೌಪದಿಯನ್ನು ಕರ್ಣನಿಗೆ ಒಲಿಸುವ ಕಥೆಗಾರ್ತಿ ಸಭೆಯಲ್ಲಿ ಕರ್ಣ ಆಡಿದ ಮಾತನ್ನು ಮುಚ್ಚಿಟ್ಟರೆ ಅದು ವ್ಯಾಖ್ಯಾನವಲ್ಲ. ಆ ಮಾತನ್ನು ಎದುರಿಸಿ, ಅವನು ಪಶ್ಚಾತ್ತಾಪಪಟ್ಟದ್ದನ್ನೂ ನೆನೆದು ಬರೆದರೆ ಅದಕ್ಕೆ ಬೆಲೆಯಿದೆ. ಬರೆದವರ ವಯಸ್ಸು, ಜಾತಿ, ಧರ್ಮಗಳು ಈ ಲೆಕ್ಕಕ್ಕೆ ಸೇರುವುದಿಲ್ಲ.

ಅಸ್ಪಷ್ಟವಾದುದನ್ನು ಹೇಗೆ ಓದುತ್ತೇವೆ ಎಂಬುದು ಕಾವ್ಯ, ಧಾರಾವಾಹಿಗಳಿಗೆ ಮಾತ್ರ ಸೇರಿದ ವಿಷಯವೂ ಅಲ್ಲ. ಬಸ್ಸಿನಲ್ಲಿ ಒಟ್ಟಿಗೆ ಕೂತ ಬೇರೆ ಬೇರೆ ಧರ್ಮದ ಹುಡುಗ ಹುಡುಗಿಯನ್ನು ಕಂಡೊಡನೆ ಕಥೆ ಕಟ್ಟಿ ಕೈ ಎತ್ತುವವರನ್ನು ನಮ್ಮ ರಾಜ್ಯ ಈ ವರ್ಷಗಳಲ್ಲಿ ನೋಡಿದೆ. ಅವರು ಕೂಡ ಒಂದು ಮೌನಕ್ಕೆ ಅರ್ಥ ತುಂಬುವವರೇ, ಆದರೆ ಸಂಶಯವೊಂದನ್ನು ಬಿಟ್ಟು ಬೇರೆ ಅರ್ಥ ಅವರಿಗೆ ಹೊಳೆಯುವುದಿಲ್ಲ. ಹರಿದ ಹಾರವನ್ನು ಕಂಡು ದುರ್ಯೋಧನನಂಥವನೂ ಸಂಶಯಪಡಲಿಲ್ಲ ಎಂದು ಸಾವಿರ ವರ್ಷಗಳ ಹಿಂದೆ ಜೈನ ಕವಿಯೊಬ್ಬ ಕನ್ನಡದಲ್ಲಿ ಬರೆದಿಟ್ಟ. ಅದನ್ನು ಇನ್ನೊಮ್ಮೆ ಓದುವ, ಮಕ್ಕಳಿಗೆ ಓದಿಸುವ ಅಗತ್ಯ ಇಂದು ನಮಗಿದೆ.