ಮಾರ್ಗದರ್ಶಿ ಆರ್‌ಎನ್‌ಎ

ಟ್ರಿಪನೊಸೋಮ, ಲೀಶ್ಮೇನಿಯ ಮುಂತಾದ ಏಕಕೋಶ ಪರಾವಲಂಬಿಗಳ ಮೈಟೊಕಾಂಡ್ರಿಯದಲ್ಲಿ ಸಂದೇಶವಾಹಕ ಆರ್‌ಎನ್‌ಎಯನ್ನು ತಿದ್ದಿಸುವ ಗಿಡ್ಡ ಆರ್‌ಎನ್‌ಎ. ಉದ್ದ ಸುಮಾರು 50-60 ನ್ಯೂಕ್ಲಿಯೊಟೈಡ್.

ಇಲ್ಲಿ ವಂಶವಾಹಿಯಲ್ಲಿರುವ ಪಾಠವೇ ಅಪೂರ್ಣ. ಓದುವ ಮೊದಲು ಯುರಿಡಿನ್ (ಯು) ಅಕ್ಷರಗಳನ್ನು ಸೇರಿಸಬೇಕು, ಕೆಲವನ್ನು ಅಳಿಸಬೇಕು. ಮಾರ್ಗದರ್ಶಿಯ 5' ತುದಿ ತಿದ್ದಬೇಕಾದ ಜಾಗದ ಮುಂದಕ್ಕೆ ಸಂದೇಶದೊಂದಿಗೆ ಜೋಡಿಯಾಗಿ ಲಂಗರು ಹಾಕುತ್ತದೆ. ಜೋಡಿ ಹೊಂದದ ಮೊದಲ ಜಾಗದಲ್ಲಿ ಕಿಣ್ವವೊಂದು ಸಂದೇಶವನ್ನು ಕತ್ತರಿಸುತ್ತದೆ. ಮಾರ್ಗದರ್ಶಿಯ ಎ, ಜಿ ಅಕ್ಷರಗಳಿಗೆ ಸರಿಹೊಂದುವಷ್ಟು ಯು ಸೇರುತ್ತವೆ, ಹೆಚ್ಚಾದವು ಹೋಗುತ್ತವೆ, ಲೈಗೇಸ್ ತುಂಡುಗಳನ್ನು ಬೆಸೆಯುತ್ತದೆ. ಜಿ-ಯು ಜೋಡಿಗೂ ಇಲ್ಲಿ ಅವಕಾಶವಿದೆ. ಕೆಲಸ ಸಾಗುವುದು ಸಂದೇಶದ 3' ಕಡೆಯಿಂದ 5' ಕಡೆಗೆ, ಅಂದರೆ ಓದುವ ದಿಕ್ಕಿಗೆ ವಿರುದ್ಧವಾಗಿ. ಟ್ರಿಪನೊಸೋಮ ಬ್ರೂಸಿಯ ಒಂದೇ ಸಂದೇಶಕ್ಕೆ 547 ಯು ಸೇರಿ 41 ಅಳಿಯುತ್ತವೆ. ಇದನ್ನು ತಿದ್ದುಪಡಿ ಎನ್ನುವುದಕ್ಕಿಂತ ಹೊಸ ಬರಹ ಎನ್ನುವುದೇ ಸರಿ.

ತಿದ್ದುಪಡಿಯನ್ನು 1986ರಲ್ಲಿ ರಾಬ್ ಬೆನ್ನೆ ತಂಡವೂ ಮಾರ್ಗದರ್ಶಿಗಳನ್ನು 1990ರಲ್ಲಿ ಲ್ಯಾರಿ ಸಿಂಪ್ಸನ್ ತಂಡವೂ ವರದಿ ಮಾಡಿದವು.

ನವಲಗುಂದದಂಥ ಎರೆಸೀಮೆಯ ಎತ್ತು, ಎಮ್ಮೆ, ಕುದುರೆಗಳಿಗೂ ತಗುಲಬಲ್ಲ ಸರ್ರಾ ರೋಗದ ಟ್ರಿಪನೊಸೋಮ ಇವಾನ್ಸಿ ಈ ಕುಲದ್ದೇ. ಗ್ರಿಫಿತ್ ಇವಾನ್ಸ್ ಇದನ್ನು 1880ರಲ್ಲಿ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕಂಡರು. ರಕ್ತ ಹೀರುವ ನೊಣಗಳು ಹರಡುವ ಈ ಜೀವಿ, ಸಂದೇಶಗಳ ಮೂಲವಾದ ದೊಡ್ಡ ಡಿಎನ್‌ಎ ಉಂಗುರಗಳನ್ನು ಕಳೆದುಕೊಂಡಿದೆ. ಹಲವು ತಳಿಗಳಲ್ಲಿ ಮಾರ್ಗದರ್ಶಿಗಳ ಸಣ್ಣ ಉಂಗುರಗಳು ಉಳಿದಿವೆ. ತಿದ್ದಲು ಬರಹವೇ ಇಲ್ಲ.