ವಿಲಿಯಂ ಹಾರ್ಟ್ ಕಂಡ ಪಶ್ಚಿಮ

ಚಲನಚಿತ್ರಕ್ಕೆ ಇನ್ನೂ ಮಾತು ಬಾರದಿದ್ದ ಕಾಲದಲ್ಲಿ ಅಮೆರಿಕೆಯ ಪಶ್ಚಿಮ ಸೀಮೆಯ ದನಗಾಹಿಗಳ ವೇಷ ಧರಿಸಿ, ಕುದುರೆಯೇರಿ, ಲೋಕಪ್ರಸಿದ್ಧರಾದ ನಟರು ಹಲವರು. 1903ರ ‘ದಿ ಗ್ರೇಟ್ ಟ್ರೈನ್ ರಾಬರಿ’ಯಲ್ಲಿ ಸಣ್ಣಪುಟ್ಟ ಪಾತ್ರಗಳನ್ನು ವಹಿಸಿ, ಮುಂದೆ ‘ಬ್ರಾಂಕೋ ಬಿಲ್ಲಿ’ಯೆಂದು ಹೆಸರಾದ ಗಿಲ್ಬರ್ಟ್ ಆಂಡರ್ಸನ್ ಅವರಲ್ಲಿ ಮೊದಲಿಗನು; ಸಾಹಸಚಮತ್ಕಾರಗಳಿಂದ ಜನರನ್ನು ಬೆರಗುಗೊಳಿಸಿದ ಟಾಮ್ ಮಿಕ್ಸ್ ಅವರಲ್ಲಿ ಅತ್ಯಂತ ಜನಪ್ರಿಯನು. ಇವರಿಬ್ಬರ ನಡುವಣ ಕಾಲದಲ್ಲಿ ಬೆಳಗಿದ ವಿಲಿಯಂ ಎಸ್. ಹಾರ್ಟನು ಆದಿಪುರುಷನೂ ಅಲ್ಲ, ಅತಿಶಯ ಸಾಹಸಿಯೂ ಅಲ್ಲ. ಆದರೆ ತಾನು ಬಾಲ್ಯದಲ್ಲಿ ಕಂಡ ನೆಲದ ವಿಷಯದಲ್ಲಿ ಸುಳ್ಳು ಹೇಳಕೂಡದೆಂಬ ವ್ರತವನ್ನು ಹಿಡಿದು, ಅದರಿಂದಲೇ ಏರಿ, ಅದನ್ನು ಬಿಡಲೊಲ್ಲದೆ ಇಳಿದವನು.

ಹಾರ್ಟ್ ಹುಟ್ಟಿದ್ದು 1864ರ ಡಿಸೆಂಬರ್ 6ರಂದು, ಪೂರ್ವ ಭಾಗದ ನ್ಯೂಯಾರ್ಕ್ ಸಂಸ್ಥಾನದಲ್ಲಿ, ಹಡ್ಸನ್ ನದಿಯ ದಡದ ನ್ಯೂಬರ್ಗ್ ಎಂಬ ಊರಿನಲ್ಲಿ. ತಂದೆ ಹಿಟ್ಟಿನ ಗಿರಣಿಗಳ ಕೆಲಸ ಬಲ್ಲವನಾದುದರಿಂದ, ಕೆಲಸವಿದ್ದೆಡೆಗೆ ಸಂಸಾರವೂ ಸಾಗುತ್ತ, ಬಾಲಕನ ಬಾಲ್ಯವು ಮಧ್ಯ ಪಶ್ಚಿಮದ ಬಯಲುಗಳಲ್ಲಿಯೂ ಡಕೋಟ ಸೀಮೆಯಲ್ಲಿಯೂ ಕಳೆಯಿತು. ಅಲ್ಲಿ ಸೂ ಜನಾಂಗದ ಮಕ್ಕಳೇ ಅವನ ಒಡನಾಡಿಗಳು. ಅವರ ಭಾಷೆಯನ್ನೂ, ಮಾತಿಗೆ ಬದಲಾಗಿ ಅವರು ಬಳಸುತ್ತಿದ್ದ ಕೈಸನ್ನೆಗಳನ್ನೂ ಅವನು ಆಟದ ನಡುವೆಯೇ ಕಲಿತನು. ಹದಿಹರೆಯದಲ್ಲಿ ಪೂರ್ವಕ್ಕೆ ಹಿಂದಿರುಗಿದರೂ, ಆ ಧೂಳು, ಆ ಮೌನ, ಆ ದಿಗಂತ ಅವನ ನೆನಪಿನಿಂದ ಮಾಸಲಿಲ್ಲ.

ಆದರೆ ಹೊಟ್ಟೆಪಾಡಿಗೆ ಅವನು ಆರಿಸಿಕೊಂಡದ್ದು ರಂಗಭೂಮಿಯನ್ನು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಪಳಗಿ, 1899ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿತವಾದ ‘ಬೆನ್‌ಹರ್’ ನಾಟಕದಲ್ಲಿ ಮೆಸಾಲನ ಪಾತ್ರದಿಂದ ಖ್ಯಾತಿ ಪಡೆದು, 1905ರ ‘ದಿ ಸ್ಕ್ವಾ ಮ್ಯಾನ್’ ನಾಟಕದಲ್ಲಿ ಕ್ಯಾಷ್ ಹಾಕಿನ್ಸನೆಂಬ ದನಗಾಹಿಯಾಗಿ, ಬಾಲ್ಯದ ಸೀಮೆಗೆ ವೇಷದ ಮೂಲಕ ಮರಳಿದನು. ಮುಂದೊಮ್ಮೆ ನಾಟಕಮಂಡಳಿಯೊಡನೆ ಪ್ರವಾಸದಲ್ಲಿದ್ದಾಗ ಪಶ್ಚಿಮದ ಕಥೆಯ ಚಲನಚಿತ್ರವೊಂದನ್ನು ನೋಡಿ, ಅದರಲ್ಲಿನ ಉಡುಪು, ನಡೆ ಯಾವುದೂ ತಾನು ಕಂಡಂತಿಲ್ಲದುದಕ್ಕೆ ಮನನೊಂದು, ಇದನ್ನು ತಿದ್ದುವುದೇ ತನ್ನ ಕಾರ್ಯವೆಂದು ನಿಶ್ಚಯಿಸಿದನು. ರಂಗಭೂಮಿಯ ಹಳೆಯ ಮಿತ್ರನಾದ ಥಾಮಸ್ ಇನ್ಸ್ ಕ್ಯಾಲಿಫೋರ್ನಿಯದಲ್ಲಿ ಚಿತ್ರನಿರ್ಮಾಪಕನಾಗಿದ್ದುದರಿಂದ ಅವನನ್ನು ಆಶ್ರಯಿಸಿ, 1914ರಲ್ಲಿ, ಐವತ್ತರ ಹೊಸ್ತಿಲಲ್ಲಿ ನಿಂತಿದ್ದ ಈ ನಟನು ಹೊಸ ಕಲೆಯೊಂದರಲ್ಲಿ ಅಕ್ಷರಾಭ್ಯಾಸಕ್ಕೆ ತೊಡಗಿದನು.

ಅವನ ಚಿತ್ರಗಳಲ್ಲಿ ಊರೆಂದರೆ ಬಣ್ಣ ಕಾಣದ ಹಲಗೆಮನೆಗಳು, ಬೀದಿಯೆಂದರೆ ಧೂಳು, ನಾಯಕನ ಅಂಗಿ ದುಡಿಯುವವನ ಅಂಗಿ. ಕಲ್ಲಿನಲ್ಲಿ ಕಡೆದಂತಿದ್ದ ಅವನ ನೀಳ ಮುಖದಲ್ಲಿ ನಗೆ ಸುಳಿಯುವುದೇ ಅಪರೂಪ. ಕೋಪವನ್ನಾಗಲಿ ಪಶ್ಚಾತ್ತಾಪವನ್ನಾಗಲಿ ಕಣ್ಣುಗಳೇ ಹೇಳಬೇಕು. ಅವನ ನಾಯಕನು ಸಾಮಾನ್ಯವಾಗಿ ಕಾನೂನು ಮೀರಿದವನು, ಆದರೆ ಒಳಗಿನ ಧರ್ಮಬುದ್ಧಿ ಸಾಯದವನು. 1916ರ ‘ಹೆಲ್ಸ್ ಹಿಂಜಸ್’ ಚಿತ್ರದಲ್ಲಿ ಊರನ್ನು ಉದ್ಧರಿಸಲು ಬಂದ ಧರ್ಮಬೋಧಕನೇ ಪತಿತನಾಗುತ್ತಾನೆ. ಅವನನ್ನು ಓಡಿಸಲು ನಿಂತಿದ್ದ ಬಂದೂಕುಗಾರನೇ ಪರಿವರ್ತಿತನಾಗಿ, ಕಡೆಗೆ ಆ ಪಾಪಕೂಪವನ್ನು ಬೆಂಕಿಗೆ ಆಹುತಿಯಾಗಿಸುತ್ತಾನೆ. ಈ ಕಥೆಗಳಲ್ಲಿ ಅವನಿಗೆ ಅನೇಕ ವೇಳೆ ಜೊತೆಯಾಗಿದ್ದುದು ಫ್ರಿಟ್ಸ್ ಎಂಬ ಕಂದು ಬಿಳುಪಿನ ಮಚ್ಚೆಗಳ ಗಿಡ್ಡ ಕುದುರೆ; ಸವಾರನಷ್ಟೇ ಅದೂ ಪ್ರೇಕ್ಷಕರ ಪ್ರೀತಿಗೆ ಪಾತ್ರವಾಯಿತು.

ಅವನ ಸತ್ಯನಿಷ್ಠೆಗೂ ಒಂದು ಮಿತಿಯಿತ್ತೆಂಬುದನ್ನು ಒಪ್ಪಲೇಬೇಕು. ಉಡುಪಿನಲ್ಲಿ, ನೆಲದಲ್ಲಿ, ಮುಖಭಾವದಲ್ಲಿ ಅವನು ವಾಸ್ತವಕ್ಕೆ ಬದ್ಧನಾಗಿದ್ದರೂ, ಸಾಧ್ವಿಯೊಬ್ಬಳ ಒಂದು ನೋಟದಿಂದ ದುಷ್ಟನು ಸಜ್ಜನನಾಗುವ ಅವನ ಕಥಾಸರಣಿಯು ಹತ್ತೊಂಬತ್ತನೆಯ ಶತಮಾನದ ನಾಟಕಶಾಲೆಯಿಂದ ಬಂದದ್ದೇ ಹೊರತು ಡಕೋಟದ ಬಯಲಿನಿಂದಲ್ಲ. ಅದು ಮತ್ತೆ ಮತ್ತೆ ಬಂದಾಗ ಜನ ಬೇಸತ್ತರು. ಅಲಂಕೃತ ಉಡುಪಿನ ಟಾಮ್ ಮಿಕ್ಸನು ತನ್ನ ಟೋನಿ ಕುದುರೆಯ ಮೇಲೆ ಮಿಂಚಿನಂತೆ ಹಾಯುತ್ತಿರಲು, ಗಂಭೀರವದನದ ಮುದಿ ಸವಾರನನ್ನು ಕಾಯುವ ತಾಳ್ಮೆ ಯಾರಿಗಿತ್ತು? ತನ್ನ ಚಿತ್ರಗಳ ರೀತಿಯನ್ನು ಬದಲಿಸಬೇಕೆಂಬ ಒತ್ತಾಯ ಬಂದಾಗ ಹಾರ್ಟ್ ಮಣಿಯಲಿಲ್ಲ.

ಅವನ ಕಡೆಯ ಚಿತ್ರ 1925ರ ‘ಟಂಬಲ್‌ವೀಡ್ಸ್’. ಬೇರು ಕಿತ್ತು ಗಾಳಿಗೆ ಉರುಳುವ ಒಣಪೊದೆಯ ಹೆಸರಿದು. ನೆಲೆಯಿಲ್ಲದ ದನಗಾಹಿಗೂ ಅದೇ ಹೆಸರು. ಓಕ್ಲಹೋಮದ ಚೆರೋಕೀ ಪಟ್ಟಿಯೆಂಬ ಹುಲ್ಲುಗಾವಲನ್ನು 1893ರಲ್ಲಿ ಸರ್ಕಾರವು ವಲಸೆಗಾರರಿಗೆ ತೆರೆದಾಗ, ಭೂಮಿ ಹಿಡಿಯಲು ಬಂಡಿ ಕುದುರೆಗಳೊಡನೆ ಜನಸಾಗರವೇ ನುಗ್ಗಿದ ದೃಶ್ಯವನ್ನೂ, ಅದರೊಂದಿಗೆ ದನಗಾಹಿಗಳ ಕಾಲ ಮುಗಿದುದನ್ನೂ ಈ ಚಿತ್ರ ತೋರಿಸುತ್ತದೆ. 1939ರಲ್ಲಿ ಅದು ಮರುಬಿಡುಗಡೆಯಾದಾಗ, ಎಪ್ಪತ್ತನಾಲ್ಕರ ಹಾರ್ಟನು ದನಗಾಹಿಯ ಉಡುಪಿನಲ್ಲಿ ಕ್ಯಾಮೆರಾದ ಮುಂದೆ ನಿಂತು, ರಂಗಭೂಮಿ ಪಳಗಿಸಿದ್ದ ಕಂಠದಿಂದ, ಸವಾರಿಯ ಸುಖವನ್ನೂ ಗತಿಸಿದ ಸಂಗಾತಿ ಕುದುರೆಯನ್ನೂ ನೆನೆದು ಗದ್ಗದಿತನಾಗಿ ವಿದಾಯ ಹೇಳಿದನು.

1946ರ ಜೂನ್ 23ರಂದು ಅವನು ತೀರಿಕೊಂಡನು. ತನ್ನ ಚಿತ್ರಗಳನ್ನು ನೋಡಲು ಜನರು ತಮ್ಮ ಚಿಲ್ಲರೆ ಕಾಸನ್ನು ಕೊಟ್ಟಿದ್ದರಾದ ಕಾರಣ, ತನ್ನ ತರುವಾಯ ಮನೆಯು ಅವರಿಗೇ ಸಲ್ಲಬೇಕೆಂಬುದು ಅವನ ಇಚ್ಛೆಯಾಗಿತ್ತು. ಕ್ಯಾಲಿಫೋರ್ನಿಯದ ನ್ಯೂಹಾಲ್ ಊರಿನ ಗುಡ್ಡದ ಮೇಲಣ ಆ ಮನೆಯೂ ಸುತ್ತಣ ನೆಲವೂ ಲಾಸ್ ಏಂಜಲೀಸ್ ಕೌಂಟಿಗೆ ಸೇರಿ, ವಸ್ತುಸಂಗ್ರಹಾಲಯವೂ ಸಾರ್ವಜನಿಕ ಉದ್ಯಾನವೂ ಆದವು. ಫ್ರಿಟ್ಸ್ ಕುದುರೆಯ ಸಮಾಧಿ ಅಲ್ಲಿಯೇ ಇದೆ.