ಸಿಗೆತ್ ಗಡಿಯೂರಾದದ್ದು ಹೇಗೆ: ಒಂದು ಟಿಪ್ಪಣಿ

ರೊಮೇನಿಯಾದ ಉತ್ತರದಂಚಿನಲ್ಲಿ, ತಿಸಾ ನದಿಯ ಎಡದಂಡೆಯ ಮೇಲೆ ಸಿಗೆತ್ ಇದೆ. 2021ರ ಜನಗಣತಿಯ ಪ್ರಕಾರ ಅಲ್ಲಿ ಸುಮಾರು 33,000 ಜನ. ಹೊಳೆ ದಾಟಿದರೆ ಉಕ್ರೇನಿನ ಸೊಲೊಟ್ವಿನೊ. ಇಂದು ನಕಾಶೆ ನೋಡಿದವರಿಗೆ ಇದು ಮೊದಲಿನಿಂದಲೂ ದೇಶದ ಕೊನೆಯ ಊರಾಗಿತ್ತೆಂದು ತೋರುವುದು ಸಹಜ. ಆದರೆ ಸಿಗೆತ್ ಶತಮಾನಗಳ ಕಾಲ ಒಂದು ಸೀಮೆಯ ನಡುವಿನ ಊರಾಗಿತ್ತು. ಅದರ ಗಡಿತನಕ್ಕೆ ನೂರು ವರ್ಷ ದಾಟಿದೆ, ಅಷ್ಟೆ. ಇಪ್ಪತ್ತನೆಯ ಶತಮಾನದಲ್ಲಿ ಅದಕ್ಕೆ ಬಂದೊದಗಿದ ಹೆಚ್ಚಿನ ಸಂಕಟಗಳ ಬೇರು ಈ ಬದಲಾವಣೆಯಲ್ಲಿದೆ ಎಂಬುದು ನನ್ನ ವಾದ.

ಹಂಗೇರಿ ರಾಜ್ಯಕ್ಕೆ ಸೇರಿದ್ದ ಹಳೆಯ ಮರಮುರೆಶ್ ಸೀಮೆ ತಿಸಾದ ಎರಡೂ ದಂಡೆಗಳಲ್ಲಿ ಹರಡಿಕೊಂಡಿತ್ತು. ಅದರ ಆಡಳಿತ ಕೇಂದ್ರ ಸಿಗೆತ್. ಸೀಮೆಯ ಸಂಪತ್ತೆಂದರೆ ಉಪ್ಪು. ಗಣಿಯಿಂದ ತೆಗೆದ ಉಪ್ಪನ್ನು ತೆಪ್ಪಗಳಲ್ಲಿ ಹೇರಿ, ತಿಸಾದ ಹರಿವಿನ ಜೊತೆ ಹಂಗೇರಿಯ ಬಯಲಿಗೆ ಸಾಗಿಸುತ್ತಿದ್ದರು. ಆ ದಿನಗಳಲ್ಲಿ ನದಿ ಈ ಊರಿನ ಹೆದ್ದಾರಿ.

ಮೊದಲ ಮಹಾಯುದ್ಧದ ನಂತರ, 1920ರ ಟ್ರಿಯನಾನ್ ಒಪ್ಪಂದದ ಹೊತ್ತಿಗೆ, ಸೀಮೆ ಎರಡು ಹೋಳಾಯಿತು. ಉತ್ತರದ ದಂಡೆ ಜೆಕೊಸ್ಲೊವಾಕಿಯಕ್ಕೆ, ದಕ್ಷಿಣದ ದಂಡೆ ರೊಮೇನಿಯಾಕ್ಕೆ. ಪರಿಣಾಮ ಎಷ್ಟು ಆಳವಾಗಿತ್ತೆಂಬುದಕ್ಕೆ ರೈಲುಮಾರ್ಗಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಹಂಗೇರಿಯ ಆಡಳಿತದಲ್ಲಿ ಹಾಕಿದ ಹಳಿ ತಿಸಾ ಕಣಿವೆಗುಂಟ ಪಶ್ಚಿಮದಿಂದ ಬಂದಿತ್ತು. ಗಡಿ ಬಿದ್ದ ಮೇಲೆ ಸಿಗೆತ್‌ನಿಂದ ಸ್ವಂತ ದೇಶದ ಉಳಿದ ಭಾಗಕ್ಕೆ ರೈಲಿನಲ್ಲಿ ಹೋಗಬೇಕಾದರೆ ಪರದೇಶದ ನೆಲವನ್ನು ಹಾಯಲೇಬೇಕಿತ್ತು. ದಕ್ಷಿಣದ ಬೆಟ್ಟಗಳನ್ನು ಕೊರೆದು ಸಾಲ್ವಾ–ವಿಶೇವು ಮಾರ್ಗ ಪೂರ್ತಿಯಾದದ್ದು 1949ರಲ್ಲಿ. ಪ್ರಜೆಗಳನ್ನು ನೆಲದೊಂದಿಗೆ ಪಡೆದ ರಾಜ್ಯ ಅವರಿಗೆ ನೇರ ದಾರಿ ಕೊಡಲು ಮೂರು ದಶಕ ಹಿಡಿಯಿತು.

ಊರಿನಲ್ಲಿ ಯಾರಿದ್ದರು ಎಂಬ ಪ್ರಶ್ನೆಗೆ ಉತ್ತರಿಸುವಾಗ ಎಚ್ಚರ ಬೇಕು. 1910ರ ಹಂಗೇರಿಯ ಜನಗಣತಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಜನರನ್ನು ಹಂಗೇರಿಯನ್ ಭಾಷಿಕರೆಂದು ಬರೆದುಕೊಂಡಿದೆ. ಅದೇ ಗಣತಿಯ ಧರ್ಮದ ಕೋಷ್ಟಕದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಜನ ಯಹೂದ್ಯರು. ಅವರಾಡುತ್ತಿದ್ದ ಯಿಡ್ಡಿಶನ್ನು ಪ್ರತ್ಯೇಕ ತಾಯ್ನುಡಿಯೆಂದು ಆ ಗಣತಿ ಒಪ್ಪುತ್ತಿರಲಿಲ್ಲ. ಅದನ್ನಾಡುವವರು ಹಂಗೇರಿಯನ್ ಇಲ್ಲವೇ ಜರ್ಮನ್ ಭಾಷಿಕರ ಲೆಕ್ಕಕ್ಕೆ ಸೇರುತ್ತಿದ್ದರು. ಎರಡು ಕೋಷ್ಟಕಗಳನ್ನು ಒಟ್ಟಿಗಿಟ್ಟು ಓದದೆ ಈ ಊರನ್ನು ‘ಹಂಗೇರಿಯನ್ ಪಟ್ಟಣ’ ಎಂದು ಕರೆಯುವುದು ತಪ್ಪು. ಯಹೂದ್ಯರ ಹಾಸಿದೀ ಪರಂಪರೆಯ ಟೈಟೆಲ್‌ಬಾಮ್ ಮನೆತನದ ಗುರುಪೀಠ ಇಲ್ಲಿತ್ತು. ಸತ್ಮಾರ್ ಪಂಥವನ್ನು ಕಟ್ಟಿದ ಯೋಯೆಲ್ ಟೈಟೆಲ್‌ಬಾಮ್ 1887ರಲ್ಲಿ, ಲೇಖಕ ಎಲಿ ವೀಸೆಲ್ 1928ರಲ್ಲಿ ಇಲ್ಲೇ ಹುಟ್ಟಿದರು.

1940ರ ಆಗಸ್ಟ್‌ನಲ್ಲಿ ಜರ್ಮನಿ, ಇಟಲಿಗಳು ಕೊಟ್ಟ ಎರಡನೆಯ ವಿಯೆನ್ನಾ ತೀರ್ಪು ಊರನ್ನು ಮತ್ತೆ ಹಂಗೇರಿಗೆ ಒಪ್ಪಿಸಿತು. ಮರುವರ್ಷ ಅಲ್ಲಿನ ಸರ್ಕಾರ ಯಹೂದ್ಯರಿಂದ ಪೌರತ್ವದ ಪುರಾವೆ ಕೇಳಿತು. ರಾಜ್ಯವೇ ಎರಡು ಸಲ ಬದಲಾದ ಊರಿನಲ್ಲಿ ಅಂಥ ಕಾಗದ ಒದಗಿಸುವುದು ಎಷ್ಟು ಜನರಿಂದ ಸಾಧ್ಯ? ಒದಗಿಸಲಾರದವರನ್ನು ‘ಪರಕೀಯರು’ ಎಂದು ಗಡಿಯಾಚೆ ದಬ್ಬಿದರು. ಹೀಗೆ ದಬ್ಬಿಸಿಕೊಂಡವರಲ್ಲಿ ಬಹುಪಾಲು ಜನ 1941ರ ಆಗಸ್ಟ್ ಕೊನೆಯಲ್ಲಿ ಉಕ್ರೇನಿನ ಕಾಮ್ಯಾನೆಟ್ಸ್-ಪೊಡಿಲ್‌ಸ್ಕಿಯಲ್ಲಿ ಗುಂಡಿಗೆ ಬಲಿಯಾದರು. ಅಲ್ಲಿ ಸತ್ತವರು, ಸ್ಥಳೀಯ ಯಹೂದ್ಯರೂ ಸೇರಿ, 23,000ಕ್ಕೂ ಹೆಚ್ಚು. 1944ರ ಮೇ ತಿಂಗಳಲ್ಲಿ ಸಿಗೆತ್‌ನ ಘೆಟ್ಟೋದಿಂದ, ಸುತ್ತಲಿನ ಹಳ್ಳಿಗಳವರೂ ಸೇರಿದಂತೆ ಸುಮಾರು 13,000 ಜನರನ್ನು ನಾಲ್ಕು ರೈಲುಗಳಲ್ಲಿ ನಾಜಿಗಳ ಸಾವಿನ ಶಿಬಿರವಿದ್ದ ಔಶ್‌ವಿಟ್ಸ್‌ಗೆ ಸಾಗಿಸಲಾಯಿತು. ಹದಿನೈದರ ವೀಸೆಲ್ ಅವರಲ್ಲೊಬ್ಬ. ಆ ಒಂದು ವಾರದಲ್ಲಿ ಊರು ತನ್ನ ಮೂರನೆಯ ಒಂದು ಪಾಲಿಗೂ ಹೆಚ್ಚು ಜನರನ್ನು ಕಳೆದುಕೊಂಡಿತು.

ಯುದ್ಧದ ನಂತರ ಊರು ರೊಮೇನಿಯಾಕ್ಕೆ ಮರಳಿತು, ಎದುರು ದಂಡೆ ಸೋವಿಯತ್ ಒಕ್ಕೂಟದ ಪಾಲಾಯಿತು. ಇಲ್ಲಿಂದ ಮುಂದೆ ರಾಜ್ಯ ಈ ಅಂಚನ್ನು ತಿಳಿದೇ ಬಳಸಿಕೊಂಡಿತು. 1897ರಲ್ಲಿ ಕಟ್ಟಿದ ಸಾಧಾರಣ ಜಿಲ್ಲಾ ಜೈಲಿಗೆ 1950ರ ಮೇನಲ್ಲಿ ಮಾಜಿ ಮಂತ್ರಿಗಳು, ಬಿಷಪ್ಪರು, ವಿದ್ವಾಂಸರು ಕಮ್ಯುನಿಸ್ಟ್ ಸರ್ಕಾರದ ಕೈದಿಗಳಾಗಿ ಬಂದಿಳಿದರು. ಕಡತಗಳಲ್ಲಿ ಅದಕ್ಕೆ ‘ಡ್ಯಾನ್ಯೂಬ್’ ಎಂಬ ಗುಪ್ತನಾಮ. ಸೋವಿಯತ್ ಗಡಿ ಅಲ್ಲಿಂದ ಕೂಗಳತೆಯಲ್ಲಿತ್ತು. ತಪ್ಪಿಸಿಕೊಂಡವನಿಗೂ ಹೋಗಲು ದಾರಿಯಿರಲಿಲ್ಲ. 1955ರವರೆಗೆ ಅಲ್ಲಿದ್ದ ಸುಮಾರು 200 ಕೈದಿಗಳಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಮಾಜಿ ಪ್ರಧಾನಿ ಯೂಲಿಯು ಮನಿಯು, ಇತಿಹಾಸಕಾರ ಗೆಯೊರ್ಗೆ ಬ್ರತಿಯಾನು ಇಬ್ಬರೂ 1953ರಲ್ಲಿ ತೀರಿಕೊಂಡರು. ಶವಗಳನ್ನು ಗುರುತು ಇಲ್ಲದ ಗುಂಡಿಗಳಲ್ಲಿ ಹೂಳಲಾಯಿತು. ಕವಯಿತ್ರಿ ಅನಾ ಬ್ಲಾಂಡಿಯಾನಾ ಮತ್ತು ರೊಮುಲುಸ್ ರುಸಾನ್ 1990ರ ದಶಕದಲ್ಲಿ ಈ ಕಟ್ಟಡವನ್ನು ಸ್ಮಾರಕವಾಗಿಸಿದ್ದು ದೊಡ್ಡ ಕೆಲಸ.

ಜಿಲ್ಲಾ ಕೇಂದ್ರದ ಪಟ್ಟ ಅಷ್ಟರಲ್ಲೇ ಸಿಗೆತ್‌ನಿಂದ ಬಾಯಾ ಮಾರೆ ಪಟ್ಟಣಕ್ಕೆ ಹೋಗಿತ್ತು. ತಿಸಾದ ಮೇಲಿನ ಮರದ ಸೇತುವೆ ಮತ್ತೆ ಸಂಚಾರಕ್ಕೆ ತೆರೆದದ್ದು 2007ರಲ್ಲಿ. 2022ರ ಫೆಬ್ರುವರಿಯ ನಂತರ ಉಕ್ರೇನಿನ ನಿರಾಶ್ರಿತರು ಅದರ ಮೇಲೆ ನಡೆದುಬಂದರು. ಸೊಲೊಟ್ವಿನೊದಲ್ಲಿ ಇಂದಿಗೂ ರೊಮೇನಿಯನ್ ಮಾತನಾಡುವವರು ಬಹಳ. ಸಿಗೆತ್‌ನಲ್ಲಿ ತಾರಾಸ್ ಶೆವ್‌ಚೆಂಕೊ ಹೆಸರಿನ ಉಕ್ರೇನಿಯನ್ ಶಾಲೆಯಿದೆ. ಇಷ್ಟಿದ್ದೂ ಈ ಊರಿನ ಚರಿತ್ರೆ ಹೆಚ್ಚಾಗಿ ಬಿಡಿಬಿಡಿಯಾಗಿ ನೆನಪಾಗುತ್ತದೆ: ಘೆಟ್ಟೋದ್ದು ಒಂದು ಕಡೆ, ಜೈಲಿನದು ಇನ್ನೊಂದು ಕಡೆ. ಹಂಗೇರಿಯನ್, ಯಿಡ್ಡಿಶ್, ರೊಮೇನಿಯನ್, ಉಕ್ರೇನಿಯನ್ ಆಕರಗಳನ್ನು ಎದುರುಬದುರಾಗಿಟ್ಟು, ಹಳೆಯ ಸೀಮೆಯ ಎರಡೂ ದಂಡೆಗಳನ್ನು ಒಂದೇ ಕ್ಷೇತ್ರವೆಂದು ಹಿಡಿದು ಮಾಡುವ ಅಧ್ಯಯನ ಇಲ್ಲಿ ತುರ್ತಾಗಿ ಬೇಕು. ಅದು 1910ರ ಹಂಗೇರಿಯ ಮತ್ತು 1930ರ ರೊಮೇನಿಯಾದ ಗಣತಿಗಳ ಹೋಲಿಕೆಯಿಂದಲೇ ಆರಂಭವಾಗಬಹುದು.